ಚಪ್ಪಲಿ ಬಿಟ್ಟವನ ಬೆದರಿಕೆ

ಪೊಲೀಸರಿಗೆ ಬರುವ ಬೆದರಿಕೆ ಪತ್ರಗಳನ್ನು ಓದುವ ಕೆಲಸ ನನ್ನ ಪಾಲಿಗೆ ಬಂದದ್ದು ಅದು ಯಾರಿಗೂ ಬೇಡವಾಗಿದ್ದರಿಂದ. ಎಂಬತ್ತರ ದಶಕದ ಕೊನೆಯ ವರ್ಷಗಳು ಅವು. ಖಾಕಿ ಸೀರೆ ಉಟ್ಟು ಚಿಕ್ಕೋಡಿಯ ಕಚೇರಿಗೆ ಹೋದ ಮೊದಲ ದಿನ ನನ್ನನ್ನು ಎಲ್ಲಿ ಕೂರಿಸಬೇಕು ಎಂಬುದೇ ಅಲ್ಲಿ ಯಾರಿಗೂ ತಿಳಿಯಲಿಲ್ಲ. ಹೆಣ್ಣು ಕಾನ್‌ಸ್ಟೇಬಲ್ ಅಂದರೆ ಆಗ ಅಷ್ಟು ಅಪರೂಪ. ಕಡೆಗೆ ಕಿಟಕಿಯ ಪಕ್ಕ ಒಂದು ಮೇಜು ಕೊಟ್ಟರು. ಅದರ ಮೇಲೆ ಧೂಳು ಹಿಡಿದ ರಟ್ಟಿನ ಫೈಲೊಂದನ್ನು ಇಟ್ಟರು. ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಸದಲಗಾ ಎಲ್ಲ ಕಡೆಯಿಂದ "ನಮ್ಮ ಫೌಜದಾರರಿಗೆ ಧಮಕಿ ಬಂದಿದೆ" ಎಂದು ಬರುತ್ತಿದ್ದ ಕಾಗದಗಳೆಲ್ಲ ಅದರೊಳಗೆ. ಸಬ್ ಇನ್‌ಸ್ಪೆಕ್ಟರನ್ನು ನಮ್ಮ ಕಡೆ ಫೌಜದಾರ ಅನ್ನುವುದೇ ರೂಢಿ. ನನಗೆ ಕನ್ನಡ, ಮರಾಠಿ ಎರಡೂ ಓದಲು ಬರುತ್ತಿತ್ತು. ಅಷ್ಟೇ ನನ್ನ ಅರ್ಹತೆ.

ಆಹಾ, ಎಂಥ ಕೆಲಸ ಅದು! ಒಂದು ವಾರದಲ್ಲೇ ನನಗೆ ಅದರ ಹುಚ್ಚು ಹಿಡಿಯಿತು. ಮುಂಜಾನೆ ಟಪಾಲು ಬರುವುದನ್ನೇ ಕಾಯುತ್ತಿದ್ದೆ. ಕೆಂಪು ಶಾಯಿಯಲ್ಲಿ ಬರೆದವು, ಗೋರಿಯ ಚಿತ್ರ ಬಿಡಿಸಿದವು, ಪೊಟ್ಟಣದಲ್ಲಿ ನಿಂಬೆಹಣ್ಣು ಕುಂಕುಮ ಕಟ್ಟಿ ಕಳಿಸಿದವು, ಕೊಲ್ಹಾಪುರದ ಕಡೆಯ ಬೈಗುಳಗಳಿಂದ ತುಂಬಿ ತುಳುಕುವ ಮರಾಠಿ ಇನ್‌ಲ್ಯಾಂಡ್ ಪತ್ರಗಳು. ಸದಲಗಾ ಕಡೆಯ ಹಾಲಿನ ವ್ಯಾಪಾರಿಯೊಬ್ಬ "ನಿಮ್ಮನ್ನು ಕೊಲ್ಲದೆ ಬಿಡುವುದಿಲ್ಲ" ಎಂದು ಬರೆದು, ಕೆಳಗೆ ತನ್ನ ಪೂರ್ಣ ವಿಳಾಸ ಕೊಟ್ಟು, "ಕೂಡಲೇ ಉತ್ತರ ಬರೆಯಬೇಕು" ಎಂದು ಸೇರಿಸಿದ್ದ. ಶೇಡಬಾಳದ ಹಿರಿಯರೊಬ್ಬರು ಮುತ್ತಿನಂಥ ಅಕ್ಷರದಲ್ಲಿ, ಇರುವೆಗೂ ನೋವು ಮಾಡದ ಮನೆತನ ತಮ್ಮದೆಂದು ಮೊದಲೇ ತಿಳಿಸಿ, ಫೌಜದಾರರ ಮನೆ ಬಾಗಿಲಲ್ಲಿ ಉಪವಾಸ ಕೂತು ಅವರನ್ನು ನಾಚಿಕೆಯಿಂದ ಸಾಯಿಸುವುದಾಗಿ ಬರೆದಿದ್ದರು. ನಾನು ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡಿದ್ದೆ.

ನಗುವುದಷ್ಟೇ ಅಲ್ಲ, ಯಾವುದು ಹುಸಿ, ಯಾವುದು ನಿಜ ಎಂದು ಹೇಳಬೇಕಿತ್ತು. ಅದಕ್ಕೆ ನನ್ನದೇ ಒಂದು ಪದ್ಧತಿ ಮಾಡಿಕೊಂಡೆ. ಪ್ರತಿ ಕಾಗದಕ್ಕೂ ಒಂದು ಚೀಟಿ ಚುಚ್ಚಿ, ಅದರ ಮೇಲೆ ಪೆನ್ಸಿಲಿನಲ್ಲಿ "ಬಾಯಿ" ಅಥವಾ "ಕೈ" ಎಂದು ಬರೆಯುತ್ತಿದ್ದೆ. ಬರೀ ಬಾಯಿ ಮಾಡುವವರು ಬಾಯಿ. ನಿಜವಾಗಿ ಕೈ ಎತ್ತುವವರು ಕೈ. ಎಷ್ಟು ಜೋರಾಗಿ ಕೂಗಾಡುತ್ತಾನೋ ಅಷ್ಟು ಹುಸಿ ಎಂಬುದು ನನ್ನ ಲೆಕ್ಕ. ಕೂಗಾಡುವವನಿಗೆ ಯಾರಾದರೂ ತನ್ನನ್ನು ತಡೆಯಲಿ ಎಂಬ ಆಸೆ ಇರುತ್ತದೆ. ಎಲ್ಲ ಠಾಣೆಗಳ ಮೇಲಿನ ನಮ್ಮ ಸಾಹೇಬರು ನಿವೃತ್ತಿಯ ಹತ್ತಿರ ಇದ್ದವರು, ಮೀಸೆಯಲ್ಲೇ ನಗುವವರು. ಅವರಿಗೆ ನನ್ನ ಚೀಟಿ ಹಿಡಿಸಿತು. ಬರಬರುತ್ತಾ ಓದುವುದನ್ನೂ ಬಿಟ್ಟು "ಬಾಯೋ ಕೈಯೋ?" ಎಂದಷ್ಟೇ ಕೇಳತೊಡಗಿದರು. ನನ್ನ ಮಾತಿನ ಮೇಲೆ ಒಂದು ಮನೆಗೆ ಕಾವಲು ಹೋಗುತ್ತಿತ್ತು ಅಥವಾ ಹೋಗುತ್ತಿರಲಿಲ್ಲ. ಇಪ್ಪತ್ಮೂರು ವರ್ಷದ ನನಗೆ ನೆಲವೇ ಕಾಣುತ್ತಿರಲಿಲ್ಲ ಅನ್ನಿ.

ಈಗ ಹೇಳುವುದು ಆ ಐದಾರು ಊರುಗಳಲ್ಲೇ ಒಂದರಲ್ಲಿ ನಡೆದದ್ದು. ಯಾವ ಊರು ಎಂದು ಹೇಳುವುದಿಲ್ಲ, ಕೇಳಲೂ ಬೇಡಿ. ಅಲ್ಲಿಗೆ ಮೈಸೂರು ಕಡೆಯಿಂದ ಎಳೆ ವಯಸ್ಸಿನ ಫೌಜದಾರರೊಬ್ಬರು ಬಂದು ಆರು ತಿಂಗಳಾಗಿತ್ತು. ಹೆಂಡತಿ, ಕೈಗೂಸು. ಕೆಟ್ಟ ಮನುಷ್ಯರಲ್ಲ, ಆದರೆ ನಮ್ಮ ಕಡೆಯ ರೀತಿ ರಿವಾಜು ಒಂದೂ ಗೊತ್ತಿರಲಿಲ್ಲ. ಒಂದು ದಿನ ಪೇಟೆಯಲ್ಲಿ ಕುರಿ ಹಿಂಡು ಅಡ್ಡ ಬಂದಿತು. ಅವರ ಜೀಪು ಹಿಂದಕ್ಕೆ ಸರಿಯುವಾಗ ಒಂದು ಟಗರು ಚಕ್ರಕ್ಕೆ ಸಿಕ್ಕಿ ಸತ್ತಿತು. ಬೇಕೆಂದು ಮಾಡಿದ್ದಲ್ಲ. ಆದರೆ ಇಳಿದು ನೋಡಿದ ಫೌಜದಾರರು, "ಕುರಿ ತಾನೆ? ಇನ್ನೊಂದು ತಗೊಂಡರಾಯ್ತು ಬಿಡಿ" ಎಂದು ಜೀಪು ಹತ್ತಿ ಹೋಗಿಬಿಟ್ಟರು. ಅದು ಮಾರುವ ಟಗರಾಗಿರಲಿಲ್ಲ. ದೇವಿಯ ಹೆಸರಿನಲ್ಲಿ ಬಿಟ್ಟದ್ದು, ಹಿಂಡಿಗೆಲ್ಲ ಮುಂದಾಳು. ಅದರ ಕೊಂಬಿಗೆ ಬಣ್ಣ ಇತ್ತು, ಕೊರಳಿಗೆ ಗಂಟೆ ಇತ್ತು. ನೋಡುವ ಕಣ್ಣು ಅವರಿಗಿರಲಿಲ್ಲ.

ಮೂರನೇ ದಿನ ಠಾಣೆಯ ವರದಿ ನನ್ನ ಮೇಜಿಗೆ ಬಂತು. ಆ ಕುರಿಗಾರ ಸಂತೆಯ ನಡುವೆ ನಿಂತು ಅರ್ಧ ತಾಸು ಕೂಗಾಡಿದನಂತೆ. ನನ್ನ ಟಗರನ್ನು ಕೆಡವಿದ ಹಾಗೆ ಫೌಜದಾರನನ್ನು ಕೆಡವುತ್ತೇನೆ ಎಂದನಂತೆ. "ಹಳದಿ ಪುಡಿ ಹಾರಿಸಿ ಸಾರ್ವಜನಿಕರಿಗೆ ತೊಂದರೆ ಕೊಟ್ಟಿರುತ್ತಾನೆ" ಎಂದೂ ಒಂದು ಸಾಲು ಇತ್ತು. ಅರ್ಧ ತಾಸು ಕೂಗಾಡಿದ ಎಂಬಲ್ಲಿಗೇ ನನ್ನ ಪೆನ್ಸಿಲು ಓಡಿತು. "ಬಾಯಿ" ಎಂದು ಬರೆದು ಮುಂದಿನ ಕಾಗದ ತೆಗೆದುಕೊಂಡೆ.

ಇದನ್ನು ಬರೆಯುವಾಗ ಈಗಲೂ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಯಾಕೆಂದರೆ ನಾನೂ ಕುರಿಗಾರರ ಮನೆಯಲ್ಲೇ ಹುಟ್ಟಿದವಳು. ಅಪ್ಪನ ಕಾಲಕ್ಕೆ ನಮ್ಮ ಹಿಂಡು ಕರಗಿ ಮೂರೆಕರೆ ಕಬ್ಬು ಆಗಿತ್ತು, ನಿಜ. ಆದರೂ ಹಳದಿ ಪುಡಿ ಅಂದರೆ ಏನು ಎಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅದು ಭಂಡಾರ, ದೇವಿಯ ಮುಂದಿನ ಅರಿಶಿನ. ನಮ್ಮವರು ಅದನ್ನು ಕೈಯಲ್ಲಿ ಎತ್ತಿ ಒಂದು ಮಾತು ಆಡಿದರೆ ಆ ಮಾತು ಮುಗಿಯಿತು. ಮಗನ ಮೇಲೆ ಆಣೆ ಇಟ್ಟು ತಪ್ಪಿದವರನ್ನು ನೋಡಿದ್ದೇನೆ, ಭಂಡಾರ ಎತ್ತಿ ತಪ್ಪಿದವರನ್ನು ನೋಡಿಲ್ಲ. ಇದೆಲ್ಲ ಗೊತ್ತಿದ್ದೂ ನಾನು ಆ ಸಾಲನ್ನು ದಾಟಿ ಹೋಗಿದ್ದೆ!

ಅದು ತಲೆಗೆ ಹೊಳೆದದ್ದು ಹತ್ತು ದಿನ ಕಳೆದ ಮೇಲೆ. ಏನೋ ಕೆಲಸಕ್ಕೆ ಆ ಊರಿಗೆ ಹೋಗಿದ್ದೆ. ಅಂದು ಸಂತೆ. ಚೈತ್ರದ ಬಿಸಿಲು, ಡಾಂಬರು ಮೆತ್ತಗಾಗಿ ಚಪ್ಪಲಿಗೆ ಅಂಟುತ್ತಿತ್ತು. ಜೊತೆಗಿದ್ದ ಕಾನ್‌ಸ್ಟೇಬಲ್ ಮೊಣಕೈಯಿಂದ ತಿವಿದು ತೋರಿಸಿದ.

"ಅಲ್ಲಿ ನೋಡವಾ, ಮೆಣಸಿನಕಾಯಿ ಆರಸಾಕತ್ತಾನಲ್ಲ, ಅವನ. ನಮ್ಮ ಸಾಹೇಬರ್ನ ಕೆಡವತೀನಿ ಅಂದಾವ. ಈಗ ನೋಡು, ಆಕಳಾಗ್ಯಾನ. ನಮ್ಮನ್ನ ಕಂಡ್ರ ನಮಸ್ಕಾರಾ ಮಾಡ್ತಾನ."

ನಲವತ್ತೈದರ ಆಸುಪಾಸಿನ ಮನುಷ್ಯ. ಹೆಗಲ ಮೇಲೆ ಕಂಬಳಿ, ತಲೆಗೆ ಪಟಗ. ನಮ್ಮನ್ನು ಕಂಡು ಅವನು ನಿಜವಾಗಿಯೂ ಕೈ ಮುಗಿದು, "ಆರಾಮದೀರಿಲ್ರಿ?" ಎಂದ. ನಾನು ಅವನ ಮುಖ ನೋಡಲಿಲ್ಲ. ಕಾಲು ನೋಡಿದೆ. ಬರಿಗಾಲು! ಡಾಂಬರಿನ ಮೇಲೆ, ಆ ಬಿಸಿಲಿನಲ್ಲಿ!

ಕುರಿಗಾರ ಅಂಗಿ ಇಲ್ಲದೆ ಇರುತ್ತಾನೆ, ಚಪ್ಪಲಿ ಇಲ್ಲದೆ ಇರುವುದಿಲ್ಲ. ಜಾಲಿ ಮುಳ್ಳಿನಲ್ಲಿ ದಿನವಿಡೀ ಅಲೆಯುವವನು ಅವನು. ಭಂಡಾರ ಎತ್ತಿದವನು ಮಾತ್ರ ಹಿಡಿದ ಕೆಲಸ ಮುಗಿಯುವವರೆಗೆ ಚಪ್ಪಲಿ ಬಿಡುತ್ತಾನೆ. ವರದಿಯ ಆ ಸಾಲು ಅಕ್ಷರ ಅಕ್ಷರವಾಗಿ ನನ್ನ ಕಣ್ಣಮುಂದೆ ಬಂತು. ಮೈಯೆಲ್ಲ ಬೆವರಿತು. ಹೆದರಿಕೆಯಿಂದ ಅನ್ನಬೇಕು, ಆದರೆ ಸುಳ್ಳು ಯಾಕೆ ಹೇಳಲಿ, ಒಳಗೊಳಗೇ ಏನೋ ಕುಣಿಯುತ್ತಿತ್ತು. ಇದು ನಿಜವಾದದ್ದು! ಇದು ನನಗೊಬ್ಬಳಿಗೇ ಕಂಡಿದೆ!

ಮರುದಿನ ರಜೆ ಹಾಕಿ, ಖಾಕಿಯಲ್ಲೇ ಅಥಣಿಯ ಬಸ್ಸು ಹತ್ತಿದೆ. ನಮ್ಮ ಸೀಮೆಯ ಕುರಿಗಾರರಿಗೆಲ್ಲ ಚಪ್ಪಲಿ ಹೊಲಿಯುವುದು ಅಥಣಿಯವರೇ. ಮೂರು ಅಂಗಡಿ ಸುತ್ತಿ ನಾಲ್ಕನೆಯದರಲ್ಲಿ ಸಿಕ್ಕಿದರು ನನಗೆ ಬೇಕಾದವರು. ಮುಖ ನೋಡದೆ ಕಾಲು ನೋಡಿ ಗುರುತು ಹಿಡಿಯುವ ಮುದುಕರು. ಆ ಕುರಿಗಾರನ ಊರು, ಚಹರೆ ಹೇಳಿದೆ.

"ಎಡಗಾಲ ಹೆಬ್ಬೆರಳ ಡೊಂಕ ಇದ್ದಾವ?" ಎಂದರು ಅವರು, ಚರ್ಮ ಬಡಿಯುವುದನ್ನು ನಿಲ್ಲಿಸದೆ. "ಅವನ ಚಪ್ಲಿ ಜೋಡ ಆಗಿ ಕುಂತೈತಿ ನೋಡವಾ. ಮೊನ್ನಿ ಬಂದಿದ್ದ. ಒಯ್ಯೋ ಅಂದ್ರ ಒಯ್ಯಲಿಲ್ಲ. ಅಮಾಸಿ ಆದ ಮ್ಯಾಲ ಬರ್ತೀನಿ ಅಂದ."

"ಮತ್ತೇನರ ಅಂದನೇನ್ರಿ?"

ಬಡಿಗೆ ನಿಂತಿತು. "ಬರದಿದ್ರ ಯಾರರ ಕಾಲಿಗೆ ಹತ್ತಿದ್ರ ಕೊಟ್ಟಬಿಡು ಅಂದ. ಹೊಸಾ ಜೋಡ, ಕೈಯಾರೆ ಹೊಲದದ್ದು, ಯಾರಿಗರ ಕೊಡು ಅಂತಾನ! ನನಗೂ ಅದು ಮನಸಿಗೆ ಬರಲಿಲ್ಲವಾ."

ನಾನು ಆ ಅಂಗಡಿಯಿಂದ ಬಸ್ ನಿಲ್ದಾಣದವರೆಗೆ ಓಡಿದೆ. ಖಾಕಿ ಸೀರೆಯ ನೆರಿಗೆ ಕೈಯಲ್ಲಿ ಹಿಡಿದು ಓಡುವ ಪೊಲೀಸಮ್ಮನನ್ನು ಜನ ನಿಂತು ನೋಡಿದರು. ಕೊಲ್ಲುತ್ತೇನೆ ಅನ್ನುವವರು ನೂರು ಜನ. ತಾನು ವಾಪಸ್ಸು ಬರಲಿಕ್ಕಿಲ್ಲ ಎಂದು ತನ್ನ ಚಪ್ಪಲಿಗೂ ವ್ಯವಸ್ಥೆ ಮಾಡಿ ಬಂದವನು ಇವನೊಬ್ಬನೇ. ಅಮಾವಾಸ್ಯೆಗೆ ಎಂಟೇ ದಿನ ಉಳಿದಿತ್ತು.

ಸಾಹೇಬರು ಮೊದಲು ಮೀಸೆಯಲ್ಲೇ ನಕ್ಕರು. "ಚಪ್ಲಿ ನೋಡಿ ಕೇಸ್ ಮಾಡಾಕ ಹತ್ತಿಯೇನವಾ? ಹಂಗಾದ್ರ ಅರ್ಧಾ ತಾಲೂಕ ಒಳಗ ಹಾಕಬೇಕಾಗ್ತೈತಿ."

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವಂಥದ್ದು. "ನಗಬ್ಯಾಡ್ರಿ ಸಾಹೇಬ್ರ!" ಎಂದು ಕೂಗಿಯೇ ಬಿಟ್ಟೆ. ಕಚೇರಿಯ ಟೈಪ್‌ರೈಟರುಗಳೆಲ್ಲ ಒಮ್ಮೆಗೇ ಗಪ್ಪಾದವು. ನಾನು ಹಿಂದೆ ಸರಿಯಲಿಲ್ಲ. ಹಳೆಯ ಚೀಟಿಯನ್ನು ಅವರ ಮುಂದೆಯೇ ಹರಿದು, "ಕೈ" ಎಂದು ಹೊಸದು ಬರೆದು, ಚಪ್ಪಲಿ ಯಾರಿಗಾದರೂ ಕೊಡು ಎಂದ ಮಾತನ್ನು ಹೇಳಿದೆ. ಆಗ ಅವರ ಮೀಸೆ ಇಳಿಯಿತು.

ಹಿಡಿದು ತಂದು ಮುಚ್ಚಳಿಕೆ ಬರೆಸಿಕೊಂಡು ಬಿಡೋಣ ಎಂದರು. ಮುಚ್ಚಳಿಕೆಗೆ ಅವನು ಹೆಬ್ಬೆಟ್ಟು ಒತ್ತಬಹುದು, ಆದರೆ ಎತ್ತಿದ ಭಂಡಾರ ಕಾಗದಕ್ಕೆ ಇಳಿಯುವುದಿಲ್ಲ ಎಂದೆ. ಜೈಲಿಗೆ ಹಾಕಿದರೆ ಆರು ತಿಂಗಳು ಬಿಟ್ಟು ಬಂದು ಮುಗಿಸುತ್ತಾನೆ. ಫೌಜದಾರರನ್ನು ವರ್ಗ ಮಾಡಿದರೆ ಬರಿಗಾಲಲ್ಲೇ ಮೈಸೂರಿಗೂ ಹೋಗುತ್ತಾನೆ. ಹಾಗಾದರೆ ಏನು ಮಾಡಬೇಕು ಹೇಳು ಎಂದರು ಸಾಹೇಬರು. ಅದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ನಮ್ಮ ಮನೆಯಲ್ಲಿದ್ದರು.

ಹೊರಡುವ ಮುಂಚೆ ಅವರು ಇನ್ನೊಂದು ಕೇಳಿದರು: ಫೌಜದಾರರ ಮನೆಗೆ ಕಾವಲು ಯಾವತ್ತಿನಿಂದ ಹಾಕಲಿ, ಸಿಬ್ಬಂದಿ ಕಡಿಮೆ ಇದೆ. ನಾನು ಎರಡು ಸಲ ಯೋಚಿಸಲಿಲ್ಲ. ಮಾತಿನ ಮನುಷ್ಯ, ಅಮಾವಾಸ್ಯೆ ಅಂದರೆ ಅಮಾವಾಸ್ಯೆಯೇ. ಹಿಂದಿನ ದಿನದಿಂದ ಹಾಕಿದರೆ ಸಾಕು ಎಂದು ಚೀಟಿಯ ಮೇಲೆ ತಾರೀಖು ಬರೆದು ಕೊಟ್ಟೆ.

ನಮ್ಮ ಅಜ್ಜಿ ಆಗ ಎಂಬತ್ತರ ಹತ್ತಿರ. ಹಲ್ಲು ಒಂದೂ ಇರಲಿಲ್ಲ, ನಾಲಿಗೆಗೆ ಮಾತ್ರ ಏನೂ ಆಗಿರಲಿಲ್ಲ. ಸುತ್ತಿನ ಕುರಿಗಾರರ ಹಟ್ಟಿಗಳಲ್ಲಿ ಜಗಳ ಬಿಡಿಸಲು ಅವಳನ್ನೇ ಕರೆಯುತ್ತಿದ್ದರು. ವಿಷಯ ಕೇಳಿ ಮೊದಲು ನನ್ನನ್ನೇ ಬೈದಳು.

"ಹಳದಿ ಪುಡಿ ಅಂತ ಬರದ್ರ ತಿಳೀಲಿಲ್ಲೇನ ಬೇ ನಿನಗ? ಸಾಲಿ ಕಲತ ಕಣ್ಣ ಹ್ವಾದುವೇನ?" ಆಮೇಲೆ ದಾರಿ ಹೇಳಿದಳು. "ಎತ್ತಿದ ಭಂಡಾರ ನೆಲಕ್ಕ ಚೆಲ್ಲಾಕ ಬರಂಗಿಲ್ಲ. ಅವ ಅದನ್ನ ಸೊಂಟದಾಗ ಕಟಗೊಂಡಿರ್ತಾನ. ಯಾರ ಮ್ಯಾಲ ಎತ್ತ್ಯಾನೋ ಅವನ ಹಣಿಗೆ ಹಚ್ಚಿದ್ರ ಅಷ್ಟ ಇಳಿತೈತಿ. ಹಚ್ಚಿಸಿಗೊಳ್ಳಾಕ ಅವರ ಬರಬೇಕು. ಅವನಂಗ ಬರಿಗಾಲಾಗ ಬರಬೇಕು. ಹಟ್ಟಿ ಮುಂದ, ಹಗಲಿ, ಎಲ್ಲಾರ ಕಣ್ಣಮುಂದ."

"ಆಯಿ, ಅವ ಹಚ್ಚದನ ಬ್ಯಾರೆ ಏನರ ಮಾಡಿದ್ರ?"

"ಮಾಡಿದ್ರ ಮಾಡ್ತಾನ. ಅದರ ಹೊರತು ದಾರಿ ಇಲ್ಲ."

ಅಂದರೆ ಕೊಲ್ಲುತ್ತೇನೆ ಎಂದವನ ಕೈಗೆ ಎಟಕುವಷ್ಟು ಹತ್ತಿರ, ಬರಿಗೈಯಲ್ಲಿ ಹೋಗಿ ಹಣೆ ಒಡ್ಡಿ ನಿಲ್ಲಬೇಕು! ಸಾಹೇಬರು ಇದನ್ನು ಕೇಳಿ ಕುರ್ಚಿಯಿಂದ ಎದ್ದೇಬಿಟ್ಟರು. ಇಂಥ ಕ್ರಮ ಯಾವ ಪುಸ್ತಕದಲ್ಲೂ ಇಲ್ಲ ಎಂದರು. ಆಮೇಲೆ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೇ ದಿನ ತಾವೇ ಜೀಪು ತೆಗೆಸಿ, "ನಡಿ, ಆ ಹುಡುಗಗ ನೀನ ಹೇಳು" ಎಂದರು.

ಹುಡುಗ ಅಂದದ್ದು ಫೌಜದಾರರಿಗೆ. ಅವರು ಎಲ್ಲ ಕೇಳಿ ಕೆಂಪಾದರು. "ನಾನೇನು ಹರಕೆ ಕುರಿನಾ, ಅರಿಶಿನ ಹಚ್ಚಿಸಿಕೊಂಡು ನಿಂತ್ಕೊಳೋಕೆ? ಯೂನಿಫಾರ್ಮ್‌ಗೆ ಮರ್ಯಾದೆ ಬೇಡವಾ?" ಎಂದು ಮೇಜು ಗುದ್ದಿದರು. ನಾನೂ ಬಿಡಲಿಲ್ಲ.

"ಸರ್, ಮರ್ಯಾದಿ ಅವಂದೂ ಐತ್ರಿ. ಆ ಟಗರಾ ದೇವಿಗೆ ಬಿಟ್ಟದ್ದಿತ್ತು. ಏಳು ವರ್ಷ ಮಗನಂಗ ಸಾಕ್ಯಾನ. ನೀವು ಕುರಿ ತಾನೆ ಅಂದ್ರಿ."

ಅವರ ಕೈ ಮೇಜಿನಿಂದ ಇಳಿಯಿತು. "ದೇವರಿಗೆ ಬಿಟ್ಟಿದ್ದಾ?" ಎಂದರು. ದನಿ ಪೂರಾ ಇಳಿದಿತ್ತು. "ಯಾರೂ ಹೇಳಲಿಲ್ಲವಲ್ಲ ನನಗೆ." ಕಡೆಗೆ ಬರುತ್ತೇನೆ ಎಂದರು, ಒಂದೇ ಷರತ್ತು: ಮನೆಯಲ್ಲಿ ಹೆಂಡತಿಗೆ ಈ ಯಾವ ಸುದ್ದಿಯೂ ಗೊತ್ತಾಗಬಾರದು. ಅವರು ಹೆದರಿ ಒಪ್ಪಿದರು ಎಂದು ಠಾಣೆಯವರು ಆಮೇಲೆ ಆಡಿಕೊಂಡರು. ಸುಳ್ಳು. ಅವರು ಒಪ್ಪಿದ್ದು ನಾಚಿಕೆಯಿಂದ. ಅದನ್ನು ಕಣ್ಣಾರೆ ಕಂಡವಳು ನಾನು, ಆ ಹೊತ್ತಿಗೆ ಅವರ ಮೇಲೆ ನನಗೆ ಭಾರೀ ಅಭಿಮಾನ ಬಂತು.

ಅಂದೇ ಸಂಜೆ ಅಜ್ಜಿ ಕುರಿಗಾರನ ಹಟ್ಟಿಗೆ ಹೇಳಿ ಕಳಿಸಿದಳು. ಮರುದಿನವೇ, ಅಂದರೆ ಅಮಾವಾಸ್ಯೆಗೆ ಮೂರು ದಿನ ಮುಂಚೆ, ಮುಂಜಾನೆ ಒಂಬತ್ತಕ್ಕೆ ಎಂದು ನಿಗದಿಯಾಯಿತು.

ಆ ಮುಂಜಾನೆ ನಾನು ರೊಟ್ಟಿ ಮುಟ್ಟದೆಯೇ ಹೊರಟೆ, ಅಷ್ಟು ಉಮೇದು. ಹಟ್ಟಿ ಇದ್ದದ್ದು ಊರಿನಿಂದ ಎರಡು ಮೈಲು, ಕಟಾವಾದ ಕಬ್ಬಿನ ಗದ್ದೆಗಳ ಆಚೆ. ಸಾಹೇಬರು ಜಾಣತನ ಮಾಡಿ ಇಬ್ಬರು ಕಾನ್‌ಸ್ಟೇಬಲ್ಲುಗಳಿಗೆ ಕಂಬಳಿ ಹೊದಿಸಿ ಕುರಿಗಾರರ ನಡುವೆ ಮೊದಲೇ ಕೂರಿಸಿದ್ದರು. ಅಜ್ಜಿ ಗಾಡಿಯಿಂದ ಇಳಿದವಳೇ ಸುತ್ತ ಒಮ್ಮೆ ನೋಡಿ, "ಆ ಇಬ್ಬರು ಪೊಲೀಸಪ್ಪಗೊಳಿಗೂ ಹಾಲು ಕೊಡ್ರೇ, ಪಾಪ, ಸೆಕಿಯಾಗ ಕಂಬಳಿ ಹೊತ್ತ ಕುಂತಾರ" ಎಂದಳು. ಹೆಂಗಸರೆಲ್ಲ ಸೆರಗಿನಲ್ಲಿ ನಕ್ಕರು. ಸಾಹೇಬರು ಕರ್ಚೀಪು ತೆಗೆದು ಮುಖ ಒರೆಸಿಕೊಂಡರು.

ಫೌಜದಾರರು ರಸ್ತೆಯಲ್ಲಿ ಜೀಪು ಇಳಿದು ಬೂಟು ಬಿಚ್ಚಿದರು. ಬೆಲ್ಟು, ಟೋಪಿ, ಪಿಸ್ತೂಲು ಎಲ್ಲ ಸಾಹೇಬರ ಕೈಗೆ ಕೊಟ್ಟರು. ಕಟಾವಾದ ಕಬ್ಬಿನ ಚೂಪು ಕೂಳೆಗಳ ನಡುವೆ ಅವರು ನಡೆದು ಬಂದದ್ದನ್ನು ನಡಿಗೆ ಅನ್ನಲಾರೆ. ಎರಡು ಹೆಜ್ಜೆಗೊಮ್ಮೆ "ಅಯ್ಯೋ, ಅಮ್ಮಾ" ಅನ್ನುತ್ತ ಒಂಟಿ ಕಾಲಲ್ಲಿ ಕುಣಿಯುತ್ತಿದ್ದರು. ಮತ್ತೆ ನಗೆ ಎದ್ದಿತು. ನಾನೂ ನಕ್ಕೆ, ತಡೆಯಲಾಗಲಿಲ್ಲ. ಕುರಿಗಾರ ಒಬ್ಬ ನಗಲಿಲ್ಲ. ಅವನು ಹಟ್ಟಿಯ ಮುಂದೆ ನಿಂತು ಆ ಕಾಲುಗಳನ್ನೇ ನೋಡುತ್ತಿದ್ದ. ಅವನ ಎಡಗೈಯಲ್ಲಿ ಕೊಡಲಿ ಇತ್ತು.

"ಕೊಡ್ಲಿ ಕೆಳಗಿಡಪಾ" ಎಂದಳು ಅಜ್ಜಿ.

ಅವನು ಇಡಲಿಲ್ಲ. ಕೊಡಲಿ ಹಿಡಿದುಕೊಂಡೇ ಬಲಗೈಯಿಂದ ಸೊಂಟದ ಗಂಟು ಬಿಚ್ಚಿ ಭಂಡಾರವನ್ನು ಮುಷ್ಟಿಯಲ್ಲಿ ತೆಗೆದುಕೊಂಡ. ಫೌಜದಾರರು ಅವನ ಎದುರು ಒಂದು ಮೊಳದ ದೂರದಲ್ಲಿ ನಿಂತರು. ಮುಖ ಬಿಳಚಿಕೊಂಡಿತ್ತು, ಆದರೆ ಹಿಂದೆ ಸರಿಯಲಿಲ್ಲ. ಕಂಬಳಿ ಹೊದ್ದವರಿಬ್ಬರೂ ಎದ್ದು ನಿಂತರು. ಹಚ್ಚು, ಹಚ್ಚಿಬಿಡು ಮಾರಾಯ, ಎಂದು ಮನಸ್ಸಿನಲ್ಲೇ ಕೂಗುತ್ತಿದ್ದೆ. ಅವನ ಕೈ ಹಣೆಯವರೆಗೆ ಬಂದು ನಿಂತಿತು.

"ಮದ್ಲ ಒಂದ ಮಾತ ಹೇಳಬೇಕ್ರಿ" ಎಂದ. "ಹೇಳದ ಹಚ್ಚಿದ್ರ ಇದು ಇಳಿಯೂದಿಲ್ಲ."

"ಹೇಳಿ" ಎಂದರು ಫೌಜದಾರರು.

"ನಿನ್ನಿ ಹನ್ನೊಂದರ ಸುಮಾರಿಗೆ ನಾ ನಿಮ್ಮ ಮನಿಗೆ ಬಂದಿದ್ನಿರಿ. ಈ ಕೊಡ್ಲಿ ಕಂಬಳ್ಯಾಗ ಇತ್ತು. ಅಮಾಸಿತನಕ ಕಾಲ ತಡೀಲಿಲ್ಲ. ಅಂಗಾಲೆಲ್ಲಾ ಬೊಬ್ಬಿ ಎದ್ದು ಹರದು ಜ್ವರಾ ಬಂದಿತ್ತು. ಇವತ್ತ ಮುಗಿಸಿಬಿಡೂಣು ಅಂತ ಹೊಂಟ ಬಂದ್ನಿ."

ಎಲ್ಲರ ನಗೆಯೂ ಎಲ್ಲಿ ಹೋಯಿತೋ. ನಿನ್ನೆ! ನಾನು ಕಾವಲು ಬರೆದುಕೊಟ್ಟದ್ದು ನಾಡಿದ್ದಿನಿಂದ. ಆ ಮನುಷ್ಯನ ಬರಿಗಾಲನ್ನು ಇಡೀ ಇಲಾಖೆಯಲ್ಲಿ ನಾನೊಬ್ಬಳೇ ಕಂಡವಳು ಎಂದು ಬೀಗಿದ್ದೆ. ಆ ಕಾಲು ನೋಯುತ್ತದೆ, ನೋವು ಪಂಚಾಂಗ ನೋಡುವುದಿಲ್ಲ ಎಂಬಷ್ಟು ನನಗೆ ಹೊಳೆದಿರಲಿಲ್ಲ.

"ನೀವು ಇರಲಿಲ್ರಿ" ಎಂದು ಅವನು ಮುಂದುವರಿಸಿದ. "ಮನ್ಯಾಗಿನ ತಾಯಿ ಬಾಗಲಾ ತಗದ್ಳು. ಕೂಸು ಸೊಂಟದ ಮ್ಯಾಲಿತ್ತು. ಊಟಕ್ಕ ಬರ್ತಾರ, ಕೂಡ್ರಿ ಅಂದ್ಳು. ನಾ ಕಟ್ಟಿ ಮ್ಯಾಲ ಕುಂತ್ನಿ, ನೀವು ಬರೂದನ್ನ ಕಾಯಾಕ. ಆಕಿ ನನ್ನ ಕಾಲ ನೋಡಿದ್ಳು. ಅಯ್ಯಯ್ಯೋ ಅಂದ್ಳು. ಒಳಗ ಹೋಗಿ ಬಕೀಟ ತಂದು ಕಾಲ ಮ್ಯಾಲ ತಾನ ನೀರ ಹಾಕಿದ್ಳು. ಕುಡ್ಯಾಕ ತಂಬಗಿ ಕೊಟ್ಳು. ಕುಡದ್ನಿ. ಕುಡದ ಮ್ಯಾಲ ನನಗ ಅಲ್ಲಿ ಕುಂದ್ರಾಕ ಆಗಲಿಲ್ರಿ. ಎದ್ದ ಬಂದಬಿಟ್ನಿ."

ಅವನ ಮುಷ್ಟಿಯ ಬೆರಳುಗಳ ಸಂದಿಯಿಂದ ಅರಿಶಿನ ಉದುರುತ್ತಿತ್ತು.

"ನೀರ ಕುಡದ ಮನಿ ಅದು. ಈ ಕಡಿ ಭಂಡಾರಾನೂ ಬಿಡಾಕ ಬರಂಗಿಲ್ಲ. ನಿನ್ನಿಯಿಂದ ಒಂದ ತುತ್ತ ಇಳದಿಲ್ಲ ನನಗ. ಇವತ್ತ ನೀವು ಬರದ ಇದ್ದಿದ್ರ ನಾ ಏನ ಮಾಡ್ತಿದ್ನೋ ನನಗ ಗೊತ್ತಿಲ್ರಿ ಸಾಹೇಬ್ರ. ದೇವಿಯಾಣಿ, ಗೊತ್ತಿಲ್ಲ."

ಕೊಡಲಿ ಅವನ ಕೈಯಿಂದ ತಾನಾಗಿ ಜಾರಿ ಬಿತ್ತು. ಅವನು ಫೌಜದಾರರ ಹಣೆಗೆ ಉದ್ದಕ್ಕೂ ಭಂಡಾರ ಹಚ್ಚಿದ. ಉಳಿದದ್ದನ್ನು ತನ್ನ ಹಣೆಗೆ ಹಚ್ಚಿಕೊಂಡು ಅಲ್ಲೇ ಕುಕ್ಕರಿಸಿ ಕೂತು ಮಕ್ಕಳ ಹಾಗೆ ಅಳತೊಡಗಿದ. ಫೌಜದಾರರೂ ಅವನ ಪಕ್ಕ ಮಂಡಿಯೂರಿದರು. "ನಿಮ್ಮ ಟಗರು... ನಾನು ಹಾಗನ್ನಬಾರದಿತ್ತು" ಎಂದರು. ಹಟ್ಟಿಯಲ್ಲಿ ಯಾರೋ ಗಂಟೆ ಬಾರಿಸಿದರು. ಹೆಂಗಸರು ಹಾಲು ತಂದರು. ಅಜ್ಜಿ ಜೋರಾಗಿ ದೇವಿಯ ಹೆಸರು ಕೂಗಿದಳು, ಎಲ್ಲರೂ ದನಿಗೂಡಿಸಿದರು. ಸಾಹೇಬರು, ಆ ಮುದಿ ಪೊಲೀಸರು, ಎರಡೂ ಕೈಯೆತ್ತಿ ಕೂಗಿದ್ದನ್ನು ನಾನು ನೋಡಿದೆ.

ಫೌಜದಾರರು ಹಾಲನ್ನು ಒಂದೇ ಗುಟುಕಿಗೆ ಕುಡಿದು ಎದ್ದರು. ಜೀಪಿನವನನ್ನು ಕರೆಯಲೂ ಇಲ್ಲ. ಕೂಳೆಗಳ ಮೇಲೆಯೇ ಓಡತೊಡಗಿದರು, ಊರಿನ ಕಡೆಗೆ. ಈಗ ಅವರ ಬಾಯಿಂದ ಅಯ್ಯೋ ಎಂಬ ಸೊಲ್ಲು ಕೂಡ ಬರಲಿಲ್ಲ. ಎಲ್ಲಿಗೆ ಎಂದು ನನಗೆ ಗೊತ್ತಿತ್ತು. ನಾನೂ ಹಿಂದೆ ಓಡಿದೆ. ಇಷ್ಟು ದಿನ ನನ್ನನ್ನು ಕುಣಿಸಿದ ಉಮೇದೆಲ್ಲ ಇಳಿದು ಆಗ ಮೊದಲ ಸಲ ನನಗೆ ನಿಜವಾದ ಭಯ ಹುಟ್ಟಿತು. ಮುಗಿದು ಹೋದದ್ದಕ್ಕೆ ಇಷ್ಟು ಭಯವಾಗುತ್ತದೆಂದು ನನಗೆ ಗೊತ್ತಿರಲಿಲ್ಲ.

ಪೊಲೀಸ್ ವಸತಿಯ ಕೊನೆಯ ಮನೆ ಅವರದು. ಬಾಗಿಲು ತೆರೆದೇ ಇತ್ತು. ಹೆಂಡತಿ ಮಗುವನ್ನು ಎತ್ತಿಕೊಂಡು ಹೊರಗೆ ಬಂದರು. ಗಂಡನ ಹಣೆಯ ಅರಿಶಿನ, ರಕ್ತ ಬರುತ್ತಿದ್ದ ಕಾಲು, ಹಿಂದೆ ಏದುಸಿರು ಬಿಡುತ್ತಿದ್ದ ನಾನು, ಎಲ್ಲವನ್ನೂ ಒಂದೊಂದಾಗಿ ನೋಡಿದರು.

"ಇದೇನ್ರೀ ಇದು? ಬೂಟೆಲ್ಲಿ?" ಎಂದರು. "ಈ ಊರಿನವರಿಗೆ ಏನಾಗಿದೆ ಅಂತೀನಿ. ನಿನ್ನೆ ಪಾಪ ಒಬ್ಬರು ನಿಮ್ಮನ್ನ ಹುಡುಕ್ಕೊಂಡು ಬಂದಿದ್ರು, ಅವರೂ ಬರಿಗಾಲು. ಕಾಲು ನೋಡೋಕಾಗ್ತಿರಲಿಲ್ಲ. ನೀವು ಬರೋದು ತಡವಾಯ್ತು ನೋಡಿ, ಹೊರಟುಹೋದ್ರು. ಏನು ಕಷ್ಟ ಇತ್ತೋ ಏನೋ, ಪಾಪ. ಮತ್ತೆ ಬಂದ್ರೆ ಊಟ ಮಾಡ್ಕೊಂಡು ಹೋಗಿ ಅಂತ ಹೇಳ್ಬೇಕು."

ಫೌಜದಾರರು ಕಟ್ಟೆಯ ಮೇಲೆ ಕುಸಿದು ಕೂತರು. ಮುಖ ಮುಚ್ಚಿಕೊಂಡರು.

"ಕೂತಿರಿ, ನೀರು ತರ್ತೀನಿ" ಎಂದು ಹೆಂಡತಿ ಮಗುವನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದರು. ಮಗು ನನ್ನ ಖಾಕಿ ಸೆರಗು ಹಿಡಿದು ಎಳೆಯುತ್ತಿತ್ತು. ನಾನು ಅದನ್ನು ಅವುಚಿ ಹಿಡಿದುಕೊಂಡು ಅತ್ತೆ. ಒಳಗೆ ಬಕೆಟ್ಟಿಗೆ ನೀರು ಬೀಳುವ ಸದ್ದು ಕೇಳುತ್ತಿತ್ತು.